ಮೂರು ವರ್ಷದ ಮಂಡಿನೋವು: ಆಪರೇಷನ್ ಮಾಡಿಸಬೇಕಾ, ಬೇಡ್ವಾ?

ಓದುಗರ ಪ್ರಶ್ನೆ: ನನಗೆ 26 ವರ್ಷ. ಶಾಲೆಯ ದಿನಗಳಿಂದ ವಾಲಿಬಾಲ್ ಆಡುತ್ತಿದ್ದೇನೆ, ಈಗ ತಂಡದಲ್ಲಿ ನೆಗೆದು ಚೆಂಡು ಹೊಡೆಯುವ ಸ್ಪೈಕರ್. ಮೂರು ವರ್ಷದಿಂದ ಬಲಗಾಲಿನ ಮಂಡಿಚಿಪ್ಪಿನ ಕೆಳಗೆ ನೋವಿದೆ. ವಾರ್ಮ್ ಅಪ್ ಮಾಡುವಾಗ ಚುಚ್ಚುತ್ತದೆ, ಮೈ ಬಿಸಿಯಾದ ಮೇಲೆ ಕಡಿಮೆಯಾಗುತ್ತದೆ, ಮರುದಿನ ಬೆಳಿಗ್ಗೆ ಮೆಟ್ಟಿಲು ಇಳಿಯುವಾಗ ಜೀವ ಹೋಗುತ್ತದೆ. ಎರಡು ಸಲ ಆರಾರು ವಾರ ಪೂರ್ತಿ ರೆಸ್ಟ್ ಮಾಡಿದೆ. ನೋವು ಹೋಯಿತು, ಆಟಕ್ಕೆ ಮರಳಿದ ಹತ್ತೇ ದಿನದಲ್ಲಿ ಮತ್ತೆ ಬಂತು. ಫಿಸಿಯೋಥೆರಪಿಯಲ್ಲಿ ಶಾಖ, ಕರೆಂಟ್, ಸ್ವಲ್ಪ ಸ್ಟ್ರೆಚಿಂಗ್ ಆಯಿತು. ಎಂಆರ್‌ಐ ರಿಪೋರ್ಟಿನಲ್ಲಿ ಪಟೆಲ್ಲರ್ ಟೆಂಡಿನೋಸಿಸ್, ಮೆನಿಸ್ಕಸ್‌ನಲ್ಲಿ ಗ್ರೇಡ್ 2 ಸಿಗ್ನಲ್, ಚಿಪ್ಪಿನ ಹಿಂದಿನ ಕಾರ್ಟಿಲೇಜ್ ಸ್ವಲ್ಪ ಮೆತ್ತಗಾಗಿದೆ ಎಂದು ಬರೆದಿದ್ದಾರೆ. ಒಬ್ಬ ಸರ್ಜನ್ ‘ಕೀಹೋಲ್ ಮಾಡಿ ಒಳಗೆಲ್ಲ ಕ್ಲೀನ್ ಮಾಡೋಣ’ ಅಂದರು. ಇನ್ನೊಬ್ಬರು ‘ಆಟ ಬಿಟ್ಟುಬಿಡಿ’ ಅಂದರು. ‘ಮಂಡಿಗೆ ಕತ್ತರಿ ಬಿದ್ದರೆ ಮುಗೀತು’ ಅನ್ನುತ್ತಾರೆ ಕೋಚ್. ಆದರೆ ನನ್ನ ಗೆಳತಿ ಲಿಗಮೆಂಟ್ ಆಪರೇಷನ್ ಮಾಡಿಸಿಕೊಂಡು ವರ್ಷದೊಳಗೆ ಆಟಕ್ಕೆ ಮರಳಿದ್ದಾಳೆ. ಇನ್ನು ಏಳು ತಿಂಗಳಿಗೆ ನನಗೆ ಆಯ್ಕೆ ಟ್ರಯಲ್ಸ್. ಆಪರೇಷನ್ ಮಾಡಿಸಲಾ? ನೋವಿನಲ್ಲೇ ಆಡಿದರೆ ಮಂಡಿ ಪೂರ್ತಿ ಹಾಳಾಗುತ್ತದಾ?

ಉತ್ತರ: ಮೊದಲು ನೇರ ಮಾತು. ನೀವು ಬರೆದಿರುವುದನ್ನೆಲ್ಲ ನೋಡಿದರೆ, ಈಗ ಆಪರೇಷನ್ ಬೇಡ. ಆಟ ಬಿಡುವುದೂ ಬೇಡ. ಮಂಡಿ ಆಪರೇಷನ್ ಮಾಡುವುದೇ ನನ್ನ ಕೆಲಸ, ಆದರೂ ಇದನ್ನು ಹೇಳುತ್ತಿದ್ದೇನೆ. ಕಾರಣ ಸರಳ: ನಿಮ್ಮ ತೊಂದರೆಗೆ ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡುವ ಚಿಕಿತ್ಸೆ ಈ ಮೂರು ವರ್ಷದಲ್ಲಿ ನಿಮಗೆ ಸಿಕ್ಕೇ ಇಲ್ಲ. ರೆಸ್ಟ್ ಸಿಕ್ಕಿದೆ, ಶಾಖ ಸಿಕ್ಕಿದೆ, ಐಸ್ ಕೂಡ ಇಟ್ಟಿರುತ್ತೀರಿ. ಭಾರ ಎತ್ತಿಸುವ ವ್ಯಾಯಾಮ ಯಾರೂ ಮಾಡಿಸಿಲ್ಲ.

ಪತ್ರ ಓದಿ ಮಂಡಿ ಪರೀಕ್ಷೆ ಮಾಡಲು ಆಗುವುದಿಲ್ಲ, ನಿಜ. ಆದರೆ ನಿಮ್ಮ ಪತ್ರದಲ್ಲಿ ಬೇಕಾದ ಸುಳಿವುಗಳು ತುಂಬಾ ಇವೆ. ಆಟಗಾರರು ಒಳಗೆ ಬಂದು ಕೂತ ತಕ್ಷಣ ನಾನು ಕೇಳುವ ಮೊದಲ ಪ್ರಶ್ನೆ, ‘ನೋವು ಎಲ್ಲಿ, ತೋರಿಸಿ’ ಅಂತ. ಕೆಲವರು ಅಂಗೈಯನ್ನು ಇಡೀ ಚಿಪ್ಪಿನ ಮೇಲೆ ಇಟ್ಟು ಸುತ್ತ ಆಡಿಸುತ್ತಾರೆ. ಅದು ಸಾಮಾನ್ಯವಾಗಿ ಚಿಪ್ಪು ಮತ್ತು ತೊಡೆಮೂಳೆಯ ನಡುವಿನ ನೋವು. ಕೆಲವರು ಮಂಡಿಯ ಒಳಪಕ್ಕದ ಸಂದಿಯನ್ನು ಒತ್ತಿ ತೋರಿಸುತ್ತಾರೆ. ಅಂಥವರಲ್ಲಿ ಮೆನಿಸ್ಕಸ್, ಅಂದರೆ ತೊಡೆಮೂಳೆ ಮತ್ತು ಕಾಲುಮೂಳೆಯ ನಡುವಿನ ಮೆತ್ತೆಯ ಕಡೆ ಗಮನ ಹೋಗುತ್ತದೆ. ಇನ್ನು ಕೆಲವರು ಒಂದೇ ಬೆರಳಿನ ತುದಿಯನ್ನು ಚಿಪ್ಪಿನ ಕೆಳಮೂಲೆಗೆ ಇಟ್ಟು ‘ಇಲ್ಲೇ, ಈ ಚುಕ್ಕೆಯಲ್ಲಿ’ ಅನ್ನುತ್ತಾರೆ. ನೀವು ಹೇಳುತ್ತಿರುವುದು ಈ ಮೂರನೆಯದು. ಶುರುವಿನಲ್ಲಿ ಚುಚ್ಚುವುದು, ಬಿಸಿಯಾದಾಗ ಇಳಿಯುವುದು, ಮರುದಿನ ಸೇಡು ತೀರಿಸಿಕೊಳ್ಳುವುದು, ಇವು ಮೂರೂ ಸೇರಿದರೆ ಅದು ಟೆಂಡನ್‌ನ ನೋವು. ಅಂದರೆ ಚಿಪ್ಪಿನಿಂದ ಕೆಳಗಿನ ಕಾಲುಮೂಳೆಗೆ ಇಳಿಯುವ ಗಟ್ಟಿ ಪಟ್ಟಿಯ ನೋವು. ಇದಕ್ಕೆ ‘ಜಂಪರ್ಸ್ ನೀ’ ಅಂತಲೇ ಹೆಸರಿದೆ.

ಒಂದು ಸಣ್ಣ ಪರೀಕ್ಷೆಯನ್ನು ನೀವೇ ಮಾಡಿ ನೋಡಬಹುದು. ಹಿಮ್ಮಡಿ ಎತ್ತರಕ್ಕೆ, ಬೆರಳುಗಳು ತಗ್ಗಿಗೆ ಬರುವಂಥ ಇಳಿಜಾರು ಹಲಗೆಯ ಮೇಲೆ ಬಲಗಾಲಿನಲ್ಲಿ ನಿಂತು, ಬೆನ್ನು ನೆಟ್ಟಗಿಟ್ಟು, ನಿಧಾನಕ್ಕೆ ಮಂಡಿ ಬಗ್ಗಿಸಿ. ಅದೇ ಚುಕ್ಕೆಯಲ್ಲಿ ನೋವು ಬಂದು, ಆಳಕ್ಕೆ ಇಳಿದಂತೆ ಹೆಚ್ಚಾದರೆ ಟೆಂಡನ್ ಮೇಲಿನ ಅನುಮಾನ ಬಲವಾಗುತ್ತದೆ. ಈ ಪರೀಕ್ಷೆ ಮುಂದೆಯೂ ಉಪಯೋಗಕ್ಕೆ ಬರುತ್ತದೆ, ನೆನಪಿಟ್ಟುಕೊಳ್ಳಿ.

ನೀವು ಒಬ್ಬರೇ ಅಲ್ಲ. ನಾರ್ವೆಯ ಉನ್ನತ ಮಟ್ಟದ ಕ್ರೀಡಾಪಟುಗಳನ್ನು ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗಂಡಸರ ವಾಲಿಬಾಲ್ ಆಡುವವರಲ್ಲಿ 100ಕ್ಕೆ ಸುಮಾರು 45 ಜನರಿಗೆ ಆ ಹೊತ್ತಿಗೆ ಈ ನೋವಿತ್ತು. ಬ್ಯಾಸ್ಕೆಟ್‌ಬಾಲ್‌ನಲ್ಲಿ 100ಕ್ಕೆ 32. ನೆಗೆಯುವ ಆಟ ಆಡುವವರಿಗೆ ಇದು ಅಷ್ಟು ಸಾಮಾನ್ಯ.

ರೆಸ್ಟ್ ಯಾಕೆ ಕೈಕೊಟ್ಟಿತು?

ಟೆಂಡನ್ ಅಂದರೆ ಬಿಗಿಯಾಗಿ ಜೋಡಿಸಿದ ನಾರುಗಳ ಕಟ್ಟು. ನೆಗೆದು ಇಳಿಯುವಾಗ ದೇಹದ ತೂಕದ ಹಲವು ಪಟ್ಟು ಭಾರ ಅದರ ಮೇಲೆ ಬೀಳುತ್ತದೆ. ಆ ಭಾರಕ್ಕೆ ಅದು ಹೊಂದಿಕೊಳ್ಳುತ್ತದೆ, ಆದರೆ ನಿಧಾನಕ್ಕೆ. ಸ್ನಾಯು ಕೆಲವೇ ವಾರಗಳಲ್ಲಿ ಬಲವಾಗುತ್ತದೆ, ಟೆಂಡನ್‌ಗೆ ತಿಂಗಳುಗಳು ಬೇಕು. ರಜೆಯ ನಂತರ ಇದ್ದಕ್ಕಿದ್ದಂತೆ ದಿನಕ್ಕೆರಡು ಪ್ರಾಕ್ಟೀಸ್ ಶುರುವಾದಾಗ, ಟೂರ್ನಮೆಂಟ್ ಮುಂದೆ ನೆಗೆತ ದುಪ್ಪಟ್ಟಾದಾಗ, ಅದಕ್ಕೆ ಹೊಂದಿಕೊಳ್ಳಲು ಸಮಯ ಸಿಗುವುದಿಲ್ಲ. ನಾರುಗಳ ಜೋಡಣೆ ಕೆಡುತ್ತದೆ, ಆ ಜಾಗ ದಪ್ಪಗಾಗುತ್ತದೆ, ಹೊಸ ಸಣ್ಣ ರಕ್ತನಾಳಗಳೂ ನರಗಳೂ ಒಳಗೆ ಬೆಳೆಯುತ್ತವೆ. ಟೆಂಡಿನೋಸಿಸ್ ಅನ್ನುವುದು ಇದಕ್ಕೇ.

ಈಗ ಆರು ವಾರ ಪೂರ್ತಿ ರೆಸ್ಟ್ ಮಾಡಿದರೆ ಏನಾಗುತ್ತದೆ? ಭಾರ ಇಲ್ಲ, ಹಾಗಾಗಿ ನೋವೂ ಇಲ್ಲ. ಆದರೆ ಆ ಆರು ವಾರದಲ್ಲಿ ತೊಡೆ ಸೊರಗುತ್ತದೆ, ಟೆಂಡನ್‌ನ ತಾಳಿಕೆ ಇನ್ನೂ ಇಳಿಯುತ್ತದೆ. ಮರಳಿ ಬಂದ ದಿನ ನಿಮ್ಮ ಆಟ ಹಳೆಯ ಮಟ್ಟದ್ದು, ಟೆಂಡನ್ ಮಾತ್ರ ಮೊದಲಿಗಿಂತ ದುರ್ಬಲ. ಹತ್ತೇ ದಿನಕ್ಕೆ ನೋವು ಮರಳಿದ್ದು ಇದಕ್ಕೇ. ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ಆದರೆ ‘ಎಲ್ಲ ಮಾಡಿ ನೋಡಿದೆ, ಏನೂ ಫಲ ಕೊಡಲಿಲ್ಲ, ಇನ್ನು ಆಪರೇಷನ್ನೇ ಗತಿ’ ಅನ್ನುವ ತೀರ್ಮಾನಕ್ಕೆ ಇದರಿಂದ ಬರಬೇಡಿ.

ನಿಮ್ಮ ರಿಪೋರ್ಟನ್ನು ನಾನು ಓದುವ ಬಗೆ

ಮೂರು ಸಾಲಿನಲ್ಲಿ ನಿಮ್ಮನ್ನು ಜಾಸ್ತಿ ಹೆದರಿಸಿದ್ದು ಮಧ್ಯದ ಸಾಲು ಇರಬೇಕು, ಅಲ್ವಾ? ‘ಮೆನಿಸ್ಕಸ್‌ನಲ್ಲಿ ಗ್ರೇಡ್ 2’. ಇದನ್ನು ಓದಿ ‘ಎರಡನೇ ಹಂತಕ್ಕೆ ಹರಿದಿದೆ’ ಅಂದುಕೊಂಡು ನಿದ್ದೆಗೆಟ್ಟು ಬರುವವರನ್ನು ನಾನು ಸದಾ ನೋಡುತ್ತೇನೆ. ಅದು ಹರಿದದ್ದೇ ಅಲ್ಲ. ಮೆನಿಸ್ಕಸ್‌ನ ಒಳಭಾಗದಲ್ಲಿ ಸ್ವಲ್ಪ ಬೆಳ್ಳಗೆ ಕಾಣುವ ಗೆರೆ ಅಷ್ಟೇ. ಆ ಗೆರೆ ಮೇಲ್ಮೈವರೆಗೆ ಬಂದು ಮುಟ್ಟಿದರೆ ಮಾತ್ರ ಅದನ್ನು ಗ್ರೇಡ್ 3 ಅನ್ನುತ್ತಾರೆ, ಹರಿದಿದೆ ಎಂದು ಲೆಕ್ಕಕ್ಕೆ ತೆಗೆದುಕೊಳ್ಳುವುದು ಆಗ. ಗ್ರೇಡ್ 2ಕ್ಕೆ ಕತ್ತರಿಸುವುದೂ ಇಲ್ಲ, ಹೊಲಿಯುವುದೂ ಇಲ್ಲ.

ಕಾರ್ಟಿಲೇಜ್ ಮೆತ್ತಗಾಗಿದೆ ಅನ್ನುವ ಸಾಲಿನ ಬಗ್ಗೆಯೂ ಒಂದು ಮಾತು. ಕಾರ್ಟಿಲೇಜ್ ಅಂದರೆ ಕೀಲಿನಲ್ಲಿ ಮೂಳೆಯ ಮೇಲಿರುವ ನುಣುಪಾದ ಹೊದಿಕೆ. ನೋವೇ ಇಲ್ಲದ, ಪೆಟ್ಟೇ ಬೀಳದ ಮಂಡಿಗಳ ಎಂಆರ್‌ಐಗಳನ್ನು ಒಟ್ಟು ಹಾಕಿ ನೋಡಿದ ದೊಡ್ಡ ವಿಶ್ಲೇಷಣೆಯೊಂದು 2019ರಲ್ಲಿ ಪ್ರಕಟವಾಯಿತು. 40 ದಾಟದವರಲ್ಲಿ 100ಕ್ಕೆ 11 ಮಂದಿಗೆ ಕಾರ್ಟಿಲೇಜ್‌ನಲ್ಲಿ ಊನ ಕಾಣಿಸಿತ್ತು. 40 ದಾಟಿದವರಲ್ಲಿ ಅದು 43. ಮೆನಿಸ್ಕಸ್ ಹರಿದಿರುವುದೂ ಹಾಗೆಯೇ, ಚಿಕ್ಕವರಲ್ಲಿ 100ಕ್ಕೆ 4, ದೊಡ್ಡವರಲ್ಲಿ 19. ಇವರೆಲ್ಲ ಮಂಡಿಯ ಬಗ್ಗೆ ಒಂದು ದೂರೂ ಇಲ್ಲದೆ ಓಡಾಡಿಕೊಂಡಿದ್ದವರು. ಹಾಗಾಗಿ ಸ್ಕ್ಯಾನ್‌ನಲ್ಲಿ ಏನೋ ಕಂಡಿತು ಅಂದ ಮಾತ್ರಕ್ಕೆ ನೋವು ಅಲ್ಲಿಂದಲೇ ಬರುತ್ತಿದೆ ಅನ್ನಲಾಗದು. ಬೆರಳು ತೋರಿಸುವ ಜಾಗ, ಪರೀಕ್ಷೆಯಲ್ಲಿ ನೋವು ಹುಟ್ಟುವ ಜಾಗ, ಸ್ಕ್ಯಾನ್ ತೋರಿಸುವ ಜಾಗ, ಈ ಮೂರೂ ಒಂದೇ ಆಗಬೇಕು. ನಿಮ್ಮ ವಿಷಯದಲ್ಲಿ ಹಾಗೆ ಹೊಂದುವುದು ಟೆಂಡನ್ ಮಾತ್ರ.

‘ಕ್ಲೀನ್ ಮಾಡೋಣ’ ಅಂದರೆ ಏನು?

ಕೀಹೋಲ್, ಅಂದರೆ ಚಿಕ್ಕ ತೂತಿನಿಂದ ಕ್ಯಾಮೆರಾ ತೂರಿಸಿ ಮಾಡುವ ಆಪರೇಷನ್ ಒಳ್ಳೆಯ ವಿದ್ಯೆ. ಅದರಿಂದ ಎಷ್ಟೋ ಆಟಗಾರರಿಗೆ ಆಟ ಮರಳಿ ಸಿಕ್ಕಿದೆ. ಆದರೆ ಕೀಲಿನ ಒಳಗೆ ತೊಳೆದು, ಅಂಚುಗಳನ್ನು ನುಣುಪು ಮಾಡಿದರೆ ನೋವು ಹೋಗುತ್ತದೆ ಅನ್ನುವ ನಂಬಿಕೆಯನ್ನು ಗಟ್ಟಿಯಾಗಿ ಪರೀಕ್ಷಿಸಲಾಗಿದೆ, ಫಲಿತಾಂಶ ಅದರ ಪರವಾಗಿ ಬಂದಿಲ್ಲ. 2002ರಲ್ಲಿ ಅಮೆರಿಕದಲ್ಲಿ ಮಂಡಿ ಸವೆದು ಸಂಧಿವಾತ ಬಂದಿದ್ದ 180 ಜನರನ್ನು ಗುಂಪುಗಳಾಗಿ ಮಾಡಿ, ಕೆಲವರಿಗೆ ನಿಜವಾದ ಆಪರೇಷನ್, ಕೆಲವರಿಗೆ ಚರ್ಮದ ಮೇಲೆ ಮಾತ್ರ ಕೊಯ್ದು ಹೊಲಿಗೆ ಹಾಕಿದರು. ಎರಡು ವರ್ಷ ನೋಡಿದರೂ ವ್ಯತ್ಯಾಸ ಕಾಣಲಿಲ್ಲ. 2013ರಲ್ಲಿ ಫಿನ್ಲೆಂಡಿನಲ್ಲಿ, ಸವೆತದಿಂದ ಮೆನಿಸ್ಕಸ್ ಹರಿದಿದ್ದ 35ರಿಂದ 65 ವರ್ಷದ 146 ಜನರಲ್ಲಿ ಇದೇ ರೀತಿ ಪರೀಕ್ಷೆ ನಡೆಯಿತು. ವರ್ಷದ ಕೊನೆಗೆ ಎರಡೂ ಗುಂಪಿನವರು ಒಂದೇ ಥರ ಸುಧಾರಿಸಿದ್ದರು. ಅವರ ವಯಸ್ಸು, ಕಾಯಿಲೆ ನಿಮ್ಮದಲ್ಲ, ಒಪ್ಪುತ್ತೇನೆ. ಆದರೆ ಫಿನ್ಲೆಂಡಿನದೇ ಇನ್ನೊಂದು ಅಧ್ಯಯನ 2007ರಲ್ಲಿ ಬಂತು. ಚಿಪ್ಪಿನ ಸುತ್ತ ದೀರ್ಘಕಾಲ ನೋವಿದ್ದವರಲ್ಲಿ ಕೀಹೋಲ್ ಜೊತೆ ವ್ಯಾಯಾಮ ಮಾಡಿದವರಿಗೂ ಬರೀ ವ್ಯಾಯಾಮ ಮಾಡಿದವರಿಗೂ ಫಲಿತಾಂಶ ಒಂದೇ ಆಗಿತ್ತು.

ಇನ್ನೊಂದು ವಿಷಯ. ನಿಮ್ಮ ಟೆಂಡನ್ ಕೀಲಿನ ಕುಹರದ ಹೊರಗಿದೆ. ಒಳಗೆ ಎಷ್ಟು ತೊಳೆದರೂ ಟೆಂಡನ್‌ನ ನಾರು ಸರಿಹೋಗುವುದಿಲ್ಲ. ಆ ಸರ್ಜನ್ ಟೆಂಡನ್‌ಗೇ ಕೈ ಹಾಕುವ ಮಾತಾಡಿದ್ದರೆ ಅದು ಬೇರೆ ಆಪರೇಷನ್. ಕೆಟ್ಟ ಭಾಗವನ್ನು ಕತ್ತರಿಸಿ ತೆಗೆಯುವುದು, ಅಥವಾ ಟೆಂಡನ್‌ನ ಹಿಂಬದಿಯಲ್ಲಿ ಬೆಳೆದ ನಾಳ ಮತ್ತು ನರಗಳನ್ನು ಕೆರೆದು ತೆಗೆಯುವುದು. ಯಾವುದು ಅಂತ ಕೇಳಿ ತಿಳಿದುಕೊಳ್ಳಿ.

ಈ ಟೆಂಡನ್ ಆಪರೇಷನ್ ಬಗ್ಗೆ ನನಗೆ ತುಂಬಾ ಮುಖ್ಯ ಅನಿಸುವ ಅಧ್ಯಯನ 2006ರದ್ದು, ಅದೂ ನಾರ್ವೆಯದೇ. 35 ಜನರ 40 ಮಂಡಿಗಳು. 20ಕ್ಕೆ ಆಪರೇಷನ್, 20ಕ್ಕೆ ಇಳಿಜಾರು ಹಲಗೆಯ ಮೇಲೆ ಬಗ್ಗುವ ವ್ಯಾಯಾಮ. ವರ್ಷ ಕಳೆದ ಮೇಲೆ ಆಪರೇಷನ್ ಆದ 20 ಮಂಡಿಗಳಲ್ಲಿ ಪೂರ್ತಿ ನೋವಿಲ್ಲದ್ದು 5 ಮಾತ್ರ. 12 ಸುಧಾರಿಸಿದ್ದವು, ಆದರೆ ನೋವು ಉಳಿದಿತ್ತು. 2 ಇದ್ದ ಹಾಗೇ ಇದ್ದವು, 1 ಇನ್ನೂ ಕೆಟ್ಟಿತ್ತು. ವ್ಯಾಯಾಮದ ಗುಂಪಿನಲ್ಲಿ 5 ಮಂಡಿಗಳಿಗೆ ಫಲ ಸಿಗದೆ ಆಮೇಲೆ ಆಪರೇಷನ್ ಆಯಿತು. ಉಳಿದ 15ರಲ್ಲಿ 7 ಪೂರ್ತಿ ಸರಿಹೋದವು, 8 ಸುಧಾರಿಸಿದವು. ಈ ಲೆಕ್ಕವನ್ನು ಎರಡು ಸಲ ಓದಿ. ವ್ಯಾಯಾಮವೂ ಎಲ್ಲರನ್ನೂ ಗುಣ ಮಾಡಲಿಲ್ಲ. ಆದರೆ ವ್ಯಾಯಾಮದಲ್ಲಿ ಸೋತವರಿಗೆ ಆಪರೇಷನ್ ದಾರಿ ತೆರೆದೇ ಇತ್ತು. ಆಪರೇಷನ್‌ನಲ್ಲಿ ಕಳೆದುಕೊಂಡದ್ದನ್ನು ವಾಪಸ್ ಪಡೆಯುವುದು ಅಷ್ಟು ಸುಲಭವಲ್ಲ.

ಕಳೆದುಕೊಳ್ಳುವುದು ಏನು ಅಂತ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ‘ಚಿಕ್ಕ ತೂತು, ಎರಡೇ ದಿನ’ ಅನ್ನುವ ಮಾತಿನಲ್ಲಿ ಇದು ಮರೆಯಾಗುತ್ತದೆ. ಸೋಂಕು, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವುದು ಅಪರೂಪ, ಆದರೆ ಬಂದರೆ ಗಂಭೀರ. ಗಾಯದ ಸುತ್ತ ಚರ್ಮ ಜೋಮು ಹಿಡಿದಂತೆ ಉಳಿಯುವುದು ಅಷ್ಟೇನೂ ಅಪರೂಪವಲ್ಲ, ಡಿಗ್ ಮಾಡಲು, ಅಂದರೆ ನೆಲದ ಹತ್ತಿರ ಬಂದ ಚೆಂಡನ್ನು ಎತ್ತಲು ಮಂಡಿಯೂರುವ ನಿಮಗೆ ಅದು ಕಿರಿಕಿರಿ. ಎಲ್ಲಕ್ಕಿಂತ ದೊಡ್ಡದು ತೊಡೆಯ ಬಲ. ಆಪರೇಷನ್ ಆದ ಕೆಲವೇ ದಿನಗಳಲ್ಲಿ ತೊಡೆ ಕಣ್ಣಿಗೆ ಕಾಣುವಷ್ಟು ಇಳಿದುಹೋಗುತ್ತದೆ, ಅದನ್ನು ತುಂಬಿಸಲು ತಿಂಗಳುಗಳು ಹಿಡಿಯುತ್ತವೆ. ಟೆಂಡನ್ ಆಪರೇಷನ್ ನಂತರ ನೆಗೆಯುವ ಆಟಕ್ಕೆ ಪೂರ್ತಿ ಮರಳಲು ಸಾಮಾನ್ಯವಾಗಿ 6ರಿಂದ 12 ತಿಂಗಳು ಬೇಕು. ಹಳೆಯ ಮಟ್ಟಕ್ಕೆ ಎಲ್ಲರೂ ಮರಳುವುದಿಲ್ಲ. ಮತ್ತೆ ಆ ತಿಂಗಳುಗಳಲ್ಲಿ ನೀವು ಮಾಡುವುದೇನು? ಈಗ ಆಪರೇಷನ್ ಇಲ್ಲದೆ ಮಾಡಬೇಕಾದ ಅದೇ ವ್ಯಾಯಾಮ. ನಿಮ್ಮ ಏಳು ತಿಂಗಳ ಕ್ಯಾಲೆಂಡರಿಗೆ ಆಪರೇಷನ್ ಹೊಂದುವುದೇ ಇಲ್ಲ.

ಗೆಳತಿಯ ಮಂಡಿ ಬೇರೆ, ನಿಮ್ಮದು ಬೇರೆ

ಅವರಿಗೆ ಹರಿದದ್ದು ಮುಂದಿನ ಅಡ್ಡ ಲಿಗಮೆಂಟ್, ಅಂದರೆ ಎಸಿಎಲ್ ಇರಬೇಕು. ಅದು ಹರಿದರೆ ತಿರುಗುವಾಗ ಮಂಡಿ ಜಾರುತ್ತದೆ, ಕೈಕೊಡುತ್ತದೆ. ಅಲ್ಲಿ ಹೊಸ ಲಿಗಮೆಂಟ್ ಕೂರಿಸುವುದಕ್ಕೆ ಅರ್ಥವಿದೆ. ಅಲ್ಲೂ ಎಲ್ಲರಿಗೂ ತಕ್ಷಣ ಬೇಕಾಗುವುದಿಲ್ಲ. ಸ್ವೀಡನ್ನಿನಲ್ಲಿ 121 ಯುವಕ ಯುವತಿಯರ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊದಲು ವ್ಯಾಯಾಮ ಮಾಡಿ ಬೇಕಾದರೆ ಆಮೇಲೆ ಆಪರೇಷನ್ ಅಂದುಕೊಂಡವರು ಎರಡು ವರ್ಷದ ಹೊತ್ತಿಗೆ, ತಕ್ಷಣ ಮಾಡಿಸಿಕೊಂಡವರಷ್ಟೇ ಚೆನ್ನಾಗಿದ್ದರು. ಬಹುಪಾಲು ಜನರಿಗೆ ಅಷ್ಟರೊಳಗೆ ಆಪರೇಷನ್ ಬೇಕಾಗಲೂ ಇಲ್ಲ. ಆದರೆ ಹಳೆಯ ಗಾಯ, ಮಂಡಿ ಪದೇ ಪದೇ ಜಾರುತ್ತಿದೆ ಅನ್ನುವವರ ಕಥೆ ಬೇರೆ. ಬ್ರಿಟನ್ನಿನಲ್ಲಿ ಅಂಥ 316 ಜನರ ಮೇಲೆ ನಡೆದ, 2022ರ ಅಧ್ಯಯನದಲ್ಲಿ ಆಪರೇಷನ್ ಆದವರೇ ಮೇಲಾಗಿದ್ದರು.

ಗೆಳತಿ ಮರಳಿ ಆಡುತ್ತಿರುವುದು ಸಂತೋಷದ ವಿಷಯ. ಆದರೆ ಎಸಿಎಲ್ ಆಪರೇಷನ್ ಆದವರಲ್ಲಿ ಸ್ಪರ್ಧಾತ್ಮಕ ಆಟಕ್ಕೆ ಮರಳುವವರು 100ಕ್ಕೆ ಸುಮಾರು 55 ಮಾತ್ರ ಎಂದು 2014ರ ದೊಡ್ಡ ವಿಶ್ಲೇಷಣೆ ಹೇಳುತ್ತದೆ. ಮರಳಿ ಬಂದವರು ನಮ್ಮ ಕಣ್ಣ ಮುಂದೆ ಅಂಕಣದಲ್ಲಿ ಇರುತ್ತಾರೆ. ಬರದವರು ಕಾಣುವುದಿಲ್ಲ.

ಹಾಗಾದರೆ ಯಾವಾಗ ನಾನೇ ಆಪರೇಷನ್ ಮಾಡಿಸಿ ಅನ್ನುತ್ತೇನೆ? ಮಂಡಿ ಬಗ್ಗಿದಲ್ಲೇ ಸಿಕ್ಕಿಹಾಕಿಕೊಂಡು ನೆಟ್ಟಗೆ ಮಾಡಲು ಬರದಿದ್ದರೆ ಒಳಗೆ ಮೆನಿಸ್ಕಸ್‌ನ ದೊಡ್ಡ ತುಂಡು ಮಡಚಿಕೊಂಡಿರಬಹುದು, ಅದಕ್ಕೆ ತಡ ಮಾಡಬಾರದು. ಚಿಕ್ಕ ವಯಸ್ಸಿನವರಲ್ಲಿ ಪೆಟ್ಟಿನಿಂದ ಮೆನಿಸ್ಕಸ್‌ನ ಹೊರ ಅಂಚು ಹರಿದಿದ್ದರೆ, ಅಲ್ಲಿ ರಕ್ತಸಂಚಾರ ಇರುವುದರಿಂದ ಹೊಲಿದರೆ ಕೂಡುತ್ತದೆ. ಅಂಥದ್ದನ್ನು ಉಳಿಸಲೇಬೇಕು. ಕತ್ತರಿಸಿ ತೆಗೆದರೆ ಆಟಕ್ಕೆ ಬೇಗ ಮರಳಬಹುದು, ಆದರೆ ಮುಂದೆ ಸಂಧಿವಾತ ಬರುವ ಸಾಧ್ಯತೆ ಜಾಸ್ತಿ. ಕಾರ್ಟಿಲೇಜ್‌ನ ಚೂರು ಕಳಚಿ ಒಳಗೆ ಓಡಾಡುತ್ತಿದ್ದರೆ, ಚಿಪ್ಪು ಪದೇ ಪದೇ ಜಾರಿ ಪಕ್ಕಕ್ಕೆ ಹೋಗುತ್ತಿದ್ದರೆ, ಆಗಲೂ. ಒಟ್ಟಿನಲ್ಲಿ ಮಂಡಿ ಸಿಕ್ಕಿಕೊಳ್ಳುತ್ತದೆ, ಜಾರುತ್ತದೆ, ಆಟ ಆದ ಮೇಲೆ ಚೆಂಡಿನಂತೆ ಊದುತ್ತದೆ ಅಂದರೆ ನಾನು ಕಿವಿ ನೆಟ್ಟಗೆ ಮಾಡುತ್ತೇನೆ. ನಿಮ್ಮ ಪತ್ರದಲ್ಲಿ ಈ ಯಾವ ಮಾತೂ ಇಲ್ಲ. ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು, ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು ಇದ್ದರೆ ಮಾತ್ರ ಇದನ್ನೆಲ್ಲ ಬದಿಗಿಟ್ಟು ತಕ್ಷಣ ವೈದ್ಯರನ್ನು ನೋಡಿ, ಆಗ ಹುಡುಕಬೇಕಾದದ್ದೇ ಬೇರೆ.

ಈಗ ಮಾಡಬೇಕಾದದ್ದು

ನಾನು ಹೇಳುವುದನ್ನು ಕ್ರೀಡಾಪಟುಗಳ ಜೊತೆ ಕೆಲಸ ಮಾಡಿ ಅನುಭವವಿರುವ ಫಿಸಿಯೋಥೆರಪಿಸ್ಟ್ ಒಬ್ಬರ ಕೈಯಲ್ಲಿ ಮಾಡಿಸಿಕೊಳ್ಳಿ. ಜಿಮ್‌ನಲ್ಲಿ ಭಾರ ಎತ್ತಿಸದೆ ಬರೀ ಮಶೀನು ಹಚ್ಚಿ ಕಳಿಸಿದರೆ ಬೇರೆಯವರನ್ನು ಹುಡುಕಿ.

ಮೊದಲ ಮೂರು ನಾಲ್ಕು ವಾರ ನೆಗೆತ ಕಡಿಮೆ ಮಾಡಿ, ಆಟ ನಿಲ್ಲಿಸಬೇಡಿ. ರಿಸೀವ್, ಸರ್ವ್, ಸೆಟ್ ಅಭ್ಯಾಸ ಮಾಡಿ. ಜೊತೆಗೆ ಲೆಗ್ ಎಕ್ಸ್‌ಟೆನ್ಷನ್ ಮಶೀನಿನಲ್ಲಿ ಮಂಡಿಯನ್ನು ಸುಮಾರು 60 ಡಿಗ್ರಿ ಬಗ್ಗಿಸಿಟ್ಟು, ಅಲುಗಾಡದೆ 45 ಸೆಕೆಂಡ್ ಒತ್ತಿ ಹಿಡಿಯಿರಿ. ಎರಡು ನಿಮಿಷ ಬಿಡುವು. ಹೀಗೆ ಐದು ಸಲ. ಭಾರ ಹಗುರ ಇರಬಾರದು, ಕೊನೆಯ ಹತ್ತು ಸೆಕೆಂಡ್ ತೊಡೆ ನಡುಗಬೇಕು. ಕೆಲವರಿಗೆ ಇದನ್ನು ಮಾಡಿದ ಕೂಡಲೇ ನೋವು ಇಳಿಯುತ್ತದೆ, ಎಲ್ಲರಿಗೂ ಅಲ್ಲ. ಇಳಿಯದಿದ್ದರೂ ಬಿಡಬೇಡಿ.

ಆಮೇಲೆ ಬರುವುದು ನಿಜವಾದ ಕೆಲಸ, ಭಾರವಾದ, ನಿಧಾನವಾದ ವ್ಯಾಯಾಮ. ಲೆಗ್ ಪ್ರೆಸ್, ಸ್ಕ್ವಾಟ್, ಲೆಗ್ ಎಕ್ಸ್‌ಟೆನ್ಷನ್. ಮೇಲಕ್ಕೆ ಮೂರು ಸೆಕೆಂಡ್, ಕೆಳಕ್ಕೆ ಮೂರು ಸೆಕೆಂಡ್. ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಟ್ಟು. ಶುರುವಿಗೆ 15 ಸಲ ಎತ್ತಬಹುದಾದ ಭಾರ, ವಾರಗಳು ಕಳೆದಂತೆ ಭಾರ ಏರಿಸಿ 6 ಸಲ ಮಾತ್ರ ಎತ್ತಬಹುದಾದಷ್ಟಕ್ಕೆ ಬನ್ನಿ. ಕನಿಷ್ಠ 12 ವಾರ. ಬಲಗಾಲನ್ನು ಬೇರೆಯಾಗಿ, ಎಡಗಾಲನ್ನು ಬೇರೆಯಾಗಿ ಮಾಡಿ. ಎರಡೂ ಕಾಲು ಸೇರಿಸಿ ಮಾಡಿದರೆ ನೋವಿಲ್ಲದ ಕಾಲು ಭಾರವನ್ನೆಲ್ಲ ಸದ್ದಿಲ್ಲದೆ ಹೊತ್ತುಕೊಳ್ಳುತ್ತದೆ, ನಿಮಗೆ ಗೊತ್ತೇ ಆಗುವುದಿಲ್ಲ. ಸೊಂಟದ ಮತ್ತು ಮೀನಖಂಡದ ಸ್ನಾಯುಗಳಿಗೂ ಕೆಲಸ ಕೊಡಿ, ನೆಗೆದು ಇಳಿಯುವಾಗ ಮಂಡಿಯ ಜೊತೆ ಭಾರ ಹಂಚಿಕೊಳ್ಳುವುದು ಅವೇ.

ಇಲ್ಲಿ ಎಲ್ಲರೂ ಎಡವುವುದು ನೋವಿನ ಲೆಕ್ಕದಲ್ಲಿ. ಸ್ವಲ್ಪ ನೋವು ಬಂದ ತಕ್ಷಣ ನಿಲ್ಲಿಸುವವರು ಕೆಲವರು, ಹಲ್ಲು ಕಚ್ಚಿ ಮುಂದೆ ಹೋಗುವವರು ಕೆಲವರು. ಸೊನ್ನೆಯಿಂದ ಹತ್ತರ ಅಳತೆಯಲ್ಲಿ ವ್ಯಾಯಾಮದ ಹೊತ್ತಿನ ನೋವು ಮೂರರೊಳಗೆ ಇದ್ದರೆ ಪರವಾಗಿಲ್ಲ. ನಿರ್ಧಾರ ಮಾಡುವುದು ಮರುದಿನ ಬೆಳಿಗ್ಗೆ. ದಿನಾ ಹೊತ್ತಿಗೆ ಸರಿಯಾಗಿ ಅದೇ ಇಳಿಜಾರು ಹಲಗೆಯ ಮೇಲೆ ಒಂಟಿಕಾಲಿನಲ್ಲಿ ಒಂದು ಸಲ ಬಗ್ಗಿ, ನೋವಿನ ಅಂಕಿಯನ್ನು ಬರೆದಿಡಿ. ನಿನ್ನೆಯಷ್ಟೇ ಇದೆಯಾ, ಭಾರ ಸರಿಯಾಗಿದೆ. ಏರಿದೆಯಾ, ನಿನ್ನೆ ಜಾಸ್ತಿಯಾಯಿತು, ಒಂದು ಹೆಜ್ಜೆ ಹಿಂದಕ್ಕೆ ಹೋಗಿ. ಆದರೆ ವ್ಯಾಯಾಮ ಬಿಡಬೇಡಿ.

ಬಲ ಬಂದ ಮೇಲೆ ನೆಗೆತ. ಮೊದಲು ಎರಡು ಕಾಲಿನ ಸಣ್ಣ ನೆಗೆತ, ಆಮೇಲೆ ಎತ್ತರ, ಆಮೇಲೆ ಓಡಿ ಬಂದು ಹೊಡೆಯುವುದು. ಇದನ್ನೂ ಶುರುವಿನಲ್ಲಿ ಎರಡು ಮೂರು ದಿನಕ್ಕೊಮ್ಮೆ ಮಾತ್ರ ಮಾಡಿ. ಒಂದು ಪ್ರಾಕ್ಟೀಸ್‌ನಲ್ಲಿ ಎಷ್ಟು ಸಲ ನೆಗೆದಿರಿ ಅಂತ ಯಾರಿಂದಾದರೂ ಎಣಿಸಿ. ಕೇಳಿದರೆ ‘ಐವತ್ತು ಇರಬಹುದು’ ಅನ್ನುವ ಆಟಗಾರರು ಎಣಿಸಿದಾಗ ನೂರು ದಾಟಿರುತ್ತಾರೆ. ಆ ಅಂಕಿ ವಾರದಿಂದ ವಾರಕ್ಕೆ ಮೆಲ್ಲಗೆ ಏರಬೇಕು.

ಸುಮ್ನೆ ನನ್ನ ನಂಬಿಕೆಯಿಂದ ಇದನ್ನು ಹೇಳುತ್ತಿಲ್ಲ. ಈ ಥರ ಹಂತ ಹಂತವಾಗಿ ಭಾರ ಏರಿಸುವ ಕ್ರಮವನ್ನು ನೆದರ್ಲೆಂಡ್ಸ್‌ನಲ್ಲಿ 76 ಕ್ರೀಡಾಪಟುಗಳ ಮೇಲೆ 24 ವಾರ ಪರೀಕ್ಷಿಸಿ 2021ರಲ್ಲಿ ಪ್ರಕಟಿಸಿದರು. ನೋವು ಸಹಿಸಿಕೊಂಡು ಬಗ್ಗುವ ಹಳೆಯ ವ್ಯಾಯಾಮಕ್ಕಿಂತ ಇದರ ಫಲ ಚೆನ್ನಾಗಿತ್ತು. 24 ವಾರ ಅನ್ನುವುದನ್ನು ಗಮನಿಸಿ. ಮೂರು ವರ್ಷದ ನೋವು ಮೂರು ವಾರಕ್ಕೆ ಹೋಗದು.

ಇಂಜೆಕ್ಷನ್ ಬಗ್ಗೆ ನೀವು ಕೇಳಿಲ್ಲ, ಆದರೆ ಟ್ರಯಲ್ಸ್ ಹತ್ತಿರ ಬಂದಾಗ ಯಾರಾದರೂ ಹೇಳಿಯೇ ಹೇಳುತ್ತಾರೆ. ಟೆಂಡನ್‌ಗೆ ಸ್ಟೆರಾಯ್ಡ್ ಚುಚ್ಚಿಸಿಕೊಳ್ಳಬೇಡಿ. ಕೆಲವು ವಾರ ನೋವು ಇಳಿಯುತ್ತದೆ, ಟೆಂಡನ್ ದುರ್ಬಲವಾಗುತ್ತದೆ, ಆ ಸ್ಥಿತಿಯಲ್ಲಿ ಜೋರಾಗಿ ನೆಗೆದರೆ ಹರಿಯುವ ಅಪಾಯವಿದೆ. ನಿಮ್ಮದೇ ರಕ್ತದಿಂದ ತೆಗೆದ, ಪ್ಲೇಟ್‌ಲೆಟ್ ಹೆಚ್ಚಿರುವ ದ್ರವ, ಅಂದರೆ ಪಿಆರ್‌ಪಿ ಅಷ್ಟು ಅಪಾಯದ್ದಲ್ಲ, ಆದರೆ 2019ರ ಪರೀಕ್ಷೆಯೊಂದರಲ್ಲಿ ಒಂದು ಡೋಸ್ ಪಿಆರ್‌ಪಿ ಬರೀ ಉಪ್ಪುನೀರಿನ ಇಂಜೆಕ್ಷನ್‌ಗಿಂತ ಮೇಲಾಗಿರಲಿಲ್ಲ. ಹೊರಗಿನಿಂದ ಧ್ವನಿ ಅಲೆಗಳ ಪೆಟ್ಟು ಕೊಡುವ ಶಾಕ್ ವೇವ್ ಕೂಡ, ಆಟದ ಸೀಸನ್ ನಡುವೆ ಪರೀಕ್ಷಿಸಿದಾಗ ಸುಳ್ಳು ಚಿಕಿತ್ಸೆಗಿಂತ ಹೆಚ್ಚಿನ ಫಲ ಕೊಡಲಿಲ್ಲ. ಮಂಡಿಪಟ್ಟಿ ಕಟ್ಟಿಕೊಂಡರೆ ಹಾಯೆನಿಸುತ್ತದಾ, ಕಟ್ಟಿಕೊಳ್ಳಿ, ಅದರಿಂದ ಕೆಡುವುದೇನಿಲ್ಲ. ದಿನಾ ನೋವಿನ ಮಾತ್ರೆ ನುಂಗಿ ಆಡುವುದು ಬೇಡ, ಹೊಟ್ಟೆ ಮತ್ತು ಮೂತ್ರಪಿಂಡಕ್ಕೆ ಪೆಟ್ಟು. ಮರುದಿನದ ನೋವಿನ ಅಂಕಿಯೂ ಸುಳ್ಳಾಗುತ್ತದೆ.

ಇನ್ನೊಂದು ಮಾತು, ಹೆಣ್ಣುಮಕ್ಕಳಿಗೆ ಹೇಳಲೇಬೇಕಾದದ್ದು. ಮಂಡಿಗೆ ಭಾರ ಕಡಿಮೆಯಾಗಲಿ ಅಂತ ಊಟ ಬಿಟ್ಟು ತೂಕ ಇಳಿಸಬೇಡಿ. ದೇಹಕ್ಕೆ ಸಾಕಷ್ಟು ಆಹಾರ ಸಿಗದಿದ್ದರೆ ಯಾವ ವ್ಯಾಯಾಮದಿಂದಲೂ ಬಲ ಬರುವುದಿಲ್ಲ, ಮೂಳೆಯೂ ಸೊರಗುತ್ತದೆ. ಮುಟ್ಟು ನಿಂತುಹೋಗಿದ್ದರೆ ಅಥವಾ ತಿಂಗಳುಗಟ್ಟಲೆ ತಪ್ಪುತ್ತಿದ್ದರೆ ಅದನ್ನು ‘ಆಟ ಆಡುವವರಿಗೆ ಹಾಗೇ’ ಅಂತ ಬಿಡದೆ ವೈದ್ಯರಿಗೆ ಹೇಳಿ.

ನೋವಿನಲ್ಲೇ ಆಡಿದರೆ ಮಂಡಿ ಪೂರ್ತಿ ಹಾಳಾಗುತ್ತದಾ ಅಂತ ಕೇಳಿದ್ದೀರಿ. ಇಲ್ಲ. ಟೆಂಡನ್ ನೋವು ಕೀಲನ್ನು ಸವೆಸುವುದಿಲ್ಲ. ಸ್ಟೆರಾಯ್ಡ್ ಬೀಳದ, ಇಂಥ ನೋವಿರುವ ಟೆಂಡನ್ ಇದ್ದಕ್ಕಿದ್ದಂತೆ ಪೂರ್ತಿ ಹರಿಯುವುದು ಬಹಳ ಅಪರೂಪ. ಆದರೆ ನೋವು ದಿನದಿಂದ ದಿನಕ್ಕೆ ಏರುತ್ತಿದ್ದರೂ ಅದೇ ಹೊರೆಯಲ್ಲಿ ಆಡುತ್ತಾ ಹೋದರೆ ಗುಣವಾಗುವ ದಾರಿ ಉದ್ದವಾಗುತ್ತದೆ. ಭಯಪಟ್ಟು ಕಾಲು ಕಾಪಾಡಿಕೊಳ್ಳುವುದೂ ಒಂದು ತೊಂದರೆಯೇ. ಬಲಗಾಲನ್ನು ಉಳಿಸಲು ಹೋಗಿ ಎಡಗಾಲಿನ ಮೇಲೇ ಇಳಿಯಲು ಶುರು ಮಾಡಿದರೆ ನಾಳೆ ಅದಕ್ಕೂ ನೋವು ಬರಬಹುದು.

ಕ್ಯಾಲೆಂಡರ್ ಲೆಕ್ಕಕ್ಕೆ ಬರೋಣ. ಇವತ್ತೇ ಶುರು ಮಾಡಿದರೆ ಒಂದು ತಿಂಗಳು ಶಾಂತಗೊಳಿಸಲು, ಮೂರು ತಿಂಗಳು ಬಲಕ್ಕೆ, ಒಂದೂವರೆ ಎರಡು ತಿಂಗಳು ನೆಗೆತಕ್ಕೆ. ಟ್ರಯಲ್ಸ್ ಹೊತ್ತಿಗೆ ಒಂದು ತಿಂಗಳು ಕೈಯಲ್ಲಿ ಉಳಿಯುತ್ತದೆ. ಬಿಗಿಯಾದ ಲೆಕ್ಕ, ಆದರೆ ಆಗದ್ದಲ್ಲ. ಕೋಚ್ ಜೊತೆ ಈಗಲೇ ಕೂತು ಮಾತಾಡಿ. ‘ನೋವಿದೆ’ ಅಂತ ಮಾತ್ರ ಹೇಳಿದರೆ ಅವರಿಗೆ ಏನು ಮಾಡಬೇಕೆಂದು ತಿಳಿಯುವುದಿಲ್ಲ. ‘ಈ ವಾರ ಇಷ್ಟೇ ನೆಗೆತ, ಮುಂದಿನ ವಾರ ಇಷ್ಟು’ ಅಂತ ಅಂಕಿ ಕೊಡಿ, ಹೆಚ್ಚಿನ ಕೋಚ್‌ಗಳು ಒಪ್ಪುತ್ತಾರೆ. ಕತ್ತರಿ ಬಿದ್ದರೆ ಮುಗೀತು ಅನ್ನುವ ಅವರ ಮಾತು ಸರಿಯಲ್ಲ, ಆಪರೇಷನ್ ಆಗಿ ವರ್ಷಗಟ್ಟಲೆ ಆಡಿದವರಿದ್ದಾರೆ. ಆದರೆ ಈಗಿನ ಮಟ್ಟಿಗೆ ಅವರೂ ನಾನೂ ಒಂದೇ ಕಡೆ ಇದ್ದೇವೆ.

ಮೂರನೇ ತಿಂಗಳಲ್ಲಿ ನಿಂತು ನೋಡಿ. ಎತ್ತುವ ಭಾರ ಏರಿದೆಯಾ? ಬೆಳಗಿನ ನೋವಿನ ಅಂಕಿ ಇಳಿದಿದೆಯಾ? ಭಾರ ಏರಿ ನೋವು ನಿಂತಲ್ಲೇ ಇದ್ದರೂ ಅದು ಒಳ್ಳೆಯ ಸೂಚನೆ, ಮುಂದುವರಿಸಿ. ಆರು ತಿಂಗಳು ಇದನ್ನು ಸರಿಯಾಗಿ, ವಾರ ತಪ್ಪದೆ ಮಾಡಿಯೂ ಮೆಟ್ಟಿಲು ಇಳಿಯುವುದು ಕಷ್ಟವಾಗಿಯೇ ಉಳಿದರೆ, ಆಗ ಆಪರೇಷನ್ ಮಾತು ಎತ್ತುವುದಕ್ಕೆ ಅರ್ಥವಿದೆ, ಆಗ ನಾನೂ ಬೇಡ ಅನ್ನುವುದಿಲ್ಲ. ಆ ಹೊತ್ತಿಗೆ ಸರ್ಜನ್ ಹತ್ತಿರ ಹೋದಾಗ ನಾಲ್ಕು ವಿಷಯ ಕೇಳಿ. ಒಳಗೆ ನೀವು ಸರಿಮಾಡುವುದು ಯಾವ ಭಾಗವನ್ನು? ನನ್ನ ನೋವು ಅಲ್ಲಿಂದಲೇ ಬರುತ್ತಿದೆ ಅಂತ ಹೇಗೆ ಗೊತ್ತಾಯಿತು? ನೆಗೆಯುವ ಆಟ ಆಡುವ ಎಷ್ಟು ಜನರಿಗೆ ಇದನ್ನು ಮಾಡಿದ್ದೀರಿ, ಅವರಲ್ಲಿ ಎಷ್ಟು ಜನ, ಎಷ್ಟು ತಿಂಗಳಿಗೆ ಹಳೆಯ ಮಟ್ಟಕ್ಕೆ ಮರಳಿದರು? ಇನ್ನೂ ಆರು ತಿಂಗಳು ತಡ ಮಾಡಿದರೆ ಏನಾದರೂ ಕೆಡುತ್ತದಾ? ಕೊನೆಯ ಪ್ರಶ್ನೆಗೆ ‘ಏನೂ ಕೆಡುವುದಿಲ್ಲ’ ಅನ್ನುವ ಉತ್ತರ ಬಂದರೆ ಅವಸರ ಮಾಡಬೇಡಿ. ಹೋಗುವಾಗ ಎಂಆರ್‌ಐ ಜೊತೆ ನಿಮ್ಮ ಆ ಆರು ತಿಂಗಳ ಪುಸ್ತಕವನ್ನೂ ತೆಗೆದುಕೊಂಡು ಹೋಗಿ, ಯಾವ ವಾರ ಎಷ್ಟು ಭಾರ, ಎಷ್ಟು ನೆಗೆತ, ಬೆಳಿಗ್ಗೆ ಎಷ್ಟು ನೋವು ಅಂತ ಬರೆದದ್ದು. ನನ್ನ ಎದುರಿಗೆ ಎರಡನ್ನೂ ಇಟ್ಟರೆ ನಾನು ಮೊದಲು ತೆರೆಯುವುದು ಆ ಪುಸ್ತಕವನ್ನೇ.